ಇಂಗ್ಲಿಷ್ ಸರಾಗವಾಗಿ ಬರಲೇಬೇಕಾ? ಯಾವ ಕೆಲಸಕ್ಕೆ ಎಷ್ಟು ಬೇಕು?

ಮಲೆನಾಡ ಮೇಷ್ಟ್ರು

ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿ ಕೊನೇ ವರ್ಷಕ್ಕೆ ಬಂದ ಮಕ್ಕಳು ಕೇಳುವುದು ಒಂದೇ ಮಾತು: "ಸರ್, ಇಂಗ್ಲಿಷ್ ಬರಲ್ಲ, ನಮಗೆ ಕೆಲಸ ಸಿಗುತ್ತಾ?" ಇದಕ್ಕೆ ಎರಡು ಸಿದ್ಧ ಉತ್ತರಗಳು ಓಡಾಡುತ್ತಿವೆ. "ಕನ್ನಡದಲ್ಲೇ ಎಲ್ಲ ಸಾಧಿಸಬಹುದು, ಹೆದರಬೇಡ" ಅನ್ನುವುದು ಒಂದು. "ಇಂಗ್ಲಿಷ್ ಇಲ್ಲದಿದ್ದರೆ ಬೆಂಗಳೂರಿನ ಬಸ್ ಹತ್ತಲೇಬೇಡ" ಅನ್ನುವುದು ಇನ್ನೊಂದು. ಎರಡರಿಂದಲೂ ಆ ಮಕ್ಕಳಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಕೇಳಿ ತಿಳಿಯುವುದು, ಮಾತಾಡುವುದು ನಾಲ್ಕೂ ಬೇರೆ ಬೇರೆ. ನಮ್ಮಲ್ಲಿ ಮಾತಾಡುವುದನ್ನು ಮಾತ್ರ ನೋಡಿ ಉಳಿದ ಮೂರಕ್ಕೂ, ಸಾಲದ್ದಕ್ಕೆ ಬುದ್ಧಿಗೂ ಅಂಕ ಹಾಕಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಭಾಷಾಭಿಮಾನದ ವಾದ ಇಲ್ಲಿ ಬೇಡ. ಯಾವ ಪರೀಕ್ಷೆಗೆ, ಯಾವ ಹುದ್ದೆಗೆ ಎಷ್ಟು ಇಂಗ್ಲಿಷ್ ಬೇಕು, ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಅಂತ ಬಲ್ಲವರು ಅಂಕಿ ಸಮೇತ ಬರೆಯಿರಿ.

ಜಮಾ ಖರ್ಚು

ಬ್ಯಾಂಕ್ ಪರೀಕ್ಷೆಯಿಂದ ಶುರು ಮಾಡ್ತೀನಿ ಮೇಷ್ಟ್ರೇ, ಅಲ್ಲಿ ಲೆಕ್ಕ ಸ್ಪಷ್ಟ ಇದೆ.

ಐಬಿಪಿಎಸ್ (ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸೋ ಸಂಸ್ಥೆ) ಕ್ಲರ್ಕ್ ಪ್ರಿಲಿಮ್ಸ್, ಅಂದ್ರೆ ಮೊದಲ ಸುತ್ತು, 100 ಅಂಕಕ್ಕೆ: ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35. ಒಂದೊಂದು ವಿಭಾಗಕ್ಕೂ 20 ನಿಮಿಷ. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತೀರ್ಮಾನ ಮಾಡಿದ ಮೇಲೆ ಗಣಿತ, ರೀಸನಿಂಗ್ ಪ್ರಶ್ನೆಗಳು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಸಿಗುತ್ತವೆ. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷಿನಲ್ಲೇ. ವಿಭಾಗವಾರು ಕಟ್‌ಆಫ್ (ಕನಿಷ್ಠ ಅಂಕ) ಇರೋದರಿಂದ ಅದನ್ನು ಬಿಟ್ಟು ಪಾಸಾಗೋಕೆ ಆಗಲ್ಲ. ಎರಡನೇ ಸುತ್ತು ಮೇನ್ಸ್‌ನಲ್ಲಿ 200ಕ್ಕೆ 40 ಅಂಕ ಇಂಗ್ಲಿಷ್. ಕ್ಲರ್ಕ್ ಹುದ್ದೆಗೆ ಸಂದರ್ಶನವೇ ಇಲ್ಲ. ಬಾಯಿಬಿಟ್ಟು ಇಂಗ್ಲಿಷ್ ಮಾತಾಡಬೇಕಾದ ಹಂತ ಇಡೀ ನೇಮಕಾತಿಯಲ್ಲಿ ಒಂದೂ ಇಲ್ಲ ಅಂತಾಯ್ತು. ಬದಲಿಗೆ ರಾಜ್ಯದ ಭಾಷೆ ಬರುತ್ತಾ ಅಂತ ನೋಡ್ತಾರೆ.

ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ. ರೀಸನಿಂಗ್ 40, ಗಣಿತ 40, ಅಷ್ಟೇ. ಮೇನ್ಸ್‌ನಲ್ಲಿ 40 ಅಂಕದ ಒಂದು ಭಾಷಾ ವಿಭಾಗ ಇದೆ. ಇಂಗ್ಲಿಷ್ ಅಥವಾ ಹಿಂದಿ ಆರಿಸಿಕೊಳ್ಳಬೇಕು. ಕನ್ನಡ ಅಲ್ಲಿ ಆಯ್ಕೆಯಲ್ಲಿ ಇಲ್ಲ. ಆ ಬ್ಯಾಂಕಿನ ಗಿರಾಕಿಗಳೆಲ್ಲ ಹಳ್ಳಿಯ ಕನ್ನಡಿಗರಾಗಿರುವಾಗ ಈ ನಿಯಮ ಬದಲಾಗಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ತೊಂದರೆ ಆಗೋದು ಬೇರೆ ಕಡೆ. ಅರ್ಜಿಯಲ್ಲಿ "ಕನ್ನಡ" ಅಂತ ಗುರುತು ಹಾಕ್ತಾರೆ, ಅಭ್ಯಾಸ ಮಾಡೋದು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಮಾಕ್ ಟೆಸ್ಟ್. ಪರೀಕ್ಷೆ ದಿನ "ಚಕ್ರಬಡ್ಡಿ", "ಅನುಪಾತ", "ದತ್ತಾಂಶ ವಿಶ್ಲೇಷಣೆ" ನೋಡಿ ಗಲಿಬಿಲಿಯಾಗ್ತಾರೆ. 35 ಪ್ರಶ್ನೆಗೆ 20 ನಿಮಿಷ ಅಂದ್ರೆ ಒಂದಕ್ಕೆ ಸುಮಾರು 34 ಸೆಕೆಂಡ್, ಪದಕ್ಕೆ ಅರ್ಥ ಹುಡುಕೋ ಪುರುಸೊತ್ತು ಎಲ್ಲಿದೆ? ಎರಡೂ ಭಾಷೆಯ ಗಣಿತ ಪದಗಳನ್ನು ಒಂದು ಹಾಳೆಯಲ್ಲಿ ಎದುರುಬದುರು ಬರೆದಿಟ್ಟುಕೊಳ್ಳಿ. ಐವತ್ತು ಅರವತ್ತು ಪದ ಆಗುತ್ತೆ, ಅದಕ್ಕಿಂತ ಜಾಸ್ತಿ ಇಲ್ಲ.

ಗೆಜೆಟ್ ಓದುಗ

ಯುಪಿಎಸ್‌ಸಿ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಬರೆಯಬಹುದು, ಕನ್ನಡದಲ್ಲೂ. ಭಾರತೀಯ ಭಾಷೆಯ ಪತ್ರಿಕೆ 300 ಅಂಕ, ಇಂಗ್ಲಿಷ್ ಪತ್ರಿಕೆ 300 ಅಂಕ. ಎರಡರಲ್ಲೂ ಶೇ 25, ಅಂದರೆ 75 ಬಂದರೆ ಸಾಕು, ರ‍್ಯಾಂಕಿಗೆ ಸೇರುವುದಿಲ್ಲ. ರ‍್ಯಾಂಕ್ ನಿರ್ಧಾರವಾಗುವುದು ತಲಾ 250 ಅಂಕದ ಏಳು ಪತ್ರಿಕೆ ಮತ್ತು 275 ಅಂಕದ ಸಂದರ್ಶನದಿಂದ, ಒಟ್ಟು 2025ಕ್ಕೆ. ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಇಂಗ್ಲಿಷ್ ಅಂಕವನ್ನು ರ‍್ಯಾಂಕಿಗೆ ಸೇರಿಸುವ ಪ್ರಯತ್ನ 2013ರಲ್ಲಿ ನಡೆದು, ವಿರೋಧ ಬಂದ ಮೇಲೆ ಕೈಬಿಟ್ಟರು.

ಇಷ್ಟು ಕೇಳಿ "ಹಾಗಾದರೆ ಇಂಗ್ಲಿಷ್ ಬೇಡ" ಅಂದುಕೊಂಡರೆ ಕೆಟ್ಟಂತೆ. ಉತ್ತರ ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಶ್ನೆಪತ್ರಿಕೆ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಪ್ರಿಲಿಮ್ಸ್ ಕೂಡ ಹಾಗೆಯೇ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ, ಅಂದರೆ ಓದಿನ ಗ್ರಹಿಕೆ, ತರ್ಕ, ಲೆಕ್ಕ ಪರೀಕ್ಷಿಸುವ ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, 200 ಅಂಕ, ಪಾಸಾಗಲು ಶೇ 33, ಅಂದರೆ 66 ಬೇಕು. ಅದರಲ್ಲಿ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳ ಪಾಲು ದೊಡ್ಡದು. ಹಿಂದಿಯೂ ಗಟ್ಟಿ ಇಲ್ಲದ ಕನ್ನಡದ ಹುಡುಗರಿಗೆ ಇಂಗ್ಲಿಷ್ ಓದಿ ತಿಳಿಯುವ ಶಕ್ತಿ ಇಲ್ಲಿ ಅನಿವಾರ್ಯ. ಮಾತಾಡುವ ಶಕ್ತಿ ಅಲ್ಲ, ಓದುವ ಶಕ್ತಿ.

ಮುಖ್ಯ ಪರೀಕ್ಷೆಯಲ್ಲಿ ಕನ್ನಡದವರು ಸೋಲುವುದು ಹೆಚ್ಚಾಗಿ ವೇಗದಲ್ಲಿ. ಸಾಮಾನ್ಯ ಅಧ್ಯಯನದ ಒಂದೊಂದು ಪತ್ರಿಕೆಯಲ್ಲಿ 20 ಪ್ರಶ್ನೆ, 180 ನಿಮಿಷ, ಅಂದರೆ ಒಂದಕ್ಕೆ 9 ನಿಮಿಷ. ಆ 9 ನಿಮಿಷದಲ್ಲಿ ಇಂಗ್ಲಿಷ್ ಪ್ರಶ್ನೆ ಓದಿ, ಕನ್ನಡದಲ್ಲಿ ಯೋಚಿಸಿ, ಒತ್ತಕ್ಷರಗಳ ಸಮೇತ ಬರೆಯಬೇಕು. 10 ಅಂಕದ ಪ್ರಶ್ನೆಗೆ 150 ಪದ ಅನ್ನುತ್ತಾರೆ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಅದು ಗೊತ್ತಿಲ್ಲದವರು 150 ತುಂಬಿಸಲು ಹೋಗಿ ಕೊನೆಯ ಮೂರ್ನಾಲ್ಕು ಪ್ರಶ್ನೆ ಬಿಟ್ಟು ಬರುತ್ತಾರೆ. ವಿಷಯ ಮುಗಿದ ಕಡೆ ನಿಲ್ಲಿಸಿ.

ಇನ್ನೊಂದು ನಿಯಮ ಹಲವರಿಗೆ ಗೊತ್ತಿಲ್ಲ. ತಾಂತ್ರಿಕ ಪದಗಳನ್ನು ಕನ್ನಡದಲ್ಲಿ ಬರೆದು ಪಕ್ಕದ ಆವರಣದಲ್ಲಿ ಅದರ ಇಂಗ್ಲಿಷ್ ರೂಪ ಕೊಡಲು ಯುಪಿಎಸ್‌ಸಿ ಅವಕಾಶ ಕೊಟ್ಟಿದೆ. "ವಿತ್ತೀಯ ಕೊರತೆ" ಬರೆದು ಇಂಗ್ಲಿಷ್ ಪದ ಸೇರಿಸಬಹುದು. ಆದರೆ ವಾಕ್ಯಕ್ಕೆ ವಾಕ್ಯವೇ ಇಂಗ್ಲಿಷಿಗೆ ಜಾರಿದರೆ ಅಂಕ ಕಡಿತ. ತೀರಾ ಅತಿಯಾದರೆ ಅನುಮತಿ ಇಲ್ಲದ ಮಾಧ್ಯಮ ಅಂತ ಉತ್ತರಪತ್ರಿಕೆಯ ಮೌಲ್ಯಮಾಪನವನ್ನೇ ಮಾಡದಿರಬಹುದು.

ಔಟರ್ ರಿಂಗ್ ರೋಡ್

ಸರ್ಕಾರಿ ಪರೀಕ್ಷೆ ವಿಷಯದಲ್ಲಿ ಇಬ್ಬರೂ ಹೇಳಿದ್ದು ಸರಿ. ಆದರೆ ಖಾಸಗಿ ವಲಯದ ಬಗ್ಗೆ ಮಕ್ಕಳಿಗೆ ಸುಳ್ಳು ಧೈರ್ಯ ಕೊಡಬೇಡಿ. ಬೆಂಗಳೂರಿನ ಸಾಫ್ಟ್‌ವೇರ್ ತಂಡದಲ್ಲಿ ತಮಿಳರು, ಒಡಿಶಾದವರು, ಪಂಜಾಬಿನವರು ಒಟ್ಟಿಗೆ ಕೂತಿರ್ತಾರೆ. ಅವರ ನಡುವಿನ ಭಾಷೆ ಇಂಗ್ಲಿಷ್. ಅದನ್ನು ಇಷ್ಟಪಡಿ ಬಿಡಿ, ವಾಸ್ತವ ಅದು.

ಆದರೆ ಎಷ್ಟು ಬೇಕು? ಹೊಸದಾಗಿ ಸೇರಿದ ಟೆಸ್ಟಿಂಗ್ ಅಥವಾ ಸಪೋರ್ಟ್ ಎಂಜಿನಿಯರ್ ದಿನವೂ ಮಾಡೋ ಭಾಷೆಯ ಕೆಲಸ ಮೂರು. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ (ತಂಡದ ಚಿಕ್ಕ ಸಭೆ) ಎರಡು ನಿಮಿಷ: ನಿನ್ನೆ ಏನು ಮುಗೀತು, ಇವತ್ತು ಏನು, ಎಲ್ಲಿ ಸಿಕ್ಕಿಕೊಂಡಿದೆ. ಟಿಕೆಟ್‌ನಲ್ಲಿ (ತೊಂದರೆ ದಾಖಲಿಸೋ ನಮೂನೆ) ಬರಹ: ಏನು ಮಾಡಿದಾಗ ಏನಾಯ್ತು, ಏನಾಗಬೇಕಿತ್ತು. ಆಮೇಲೆ ಇಮೇಲ್, ಐದಾರು ಸಾಲು. ಮೂರಕ್ಕೂ ಸೇರಿ ಇನ್ನೂರು ಮುನ್ನೂರು ಪದ, ಹತ್ತು ಹದಿನೈದು ವಾಕ್ಯದ ಅಚ್ಚು ಇದ್ದರೆ ಮೊದಲ ವರ್ಷ ನಡೆಯುತ್ತೆ. ಗಿರಾಕಿ ಜೊತೆ ಫೋನಲ್ಲಿ ಮಾತಾಡೋ ವಾಯ್ಸ್ ಪ್ರೋಸೆಸ್ ಬೇರೆ ವಿಷಯ, ಅಲ್ಲಿ ಮಾತೇ ಸರಕು.

ಕ್ಯಾಂಪಸ್ ಆಯ್ಕೆಯಲ್ಲಿ ಹುಡುಗರು ಬೀಳೋದು ಒಂದು ಖಚಿತ ಜಾಗದಲ್ಲಿ. ಸ್ವಪರಿಚಯ ಬಾಯಿಪಾಠ ಮಾಡಿ ಬಂದಿರ್ತಾರೆ, ಒಂದೂವರೆ ನಿಮಿಷ ಸಲೀಸು. ಅದರ ಬೆನ್ನಿಗೇ "ನಿನ್ನ ಪ್ರಾಜೆಕ್ಟ್‌ನಲ್ಲಿ ಡೇಟಾಬೇಸ್ ಯಾಕೆ ಹೀಗೆ ವಿಂಗಡಿಸಿದೆ?" ಅಂದ್ರೆ ಬಾಯಿ ಕಟ್ಟುತ್ತೆ. ಉತ್ತರ ಗೊತ್ತಿರುತ್ತೆ. ಆದರೆ ಅಭ್ಯಾಸ ಆಗಿದ್ದು ಪಾಠ ಒಪ್ಪಿಸೋದು, ವಿವರಿಸೋದಲ್ಲ. ತಯಾರಿಯಲ್ಲಿ ಸ್ವಪರಿಚಯಕ್ಕೆ ಒಂದು ದಿನ ಸಾಕು. ಉಳಿದ ದಿನವೆಲ್ಲ ಪ್ರಾಜೆಕ್ಟ್ ಬಗ್ಗೆ "ಯಾಕೆ", "ಹೇಗೆ", "ಕೆಟ್ಟರೆ ಏನು ಮಾಡಿದೆ" ಅನ್ನೋ ಮೂರು ಬಗೆಯ ಪ್ರಶ್ನೆಗೆ ನಾಲ್ಕು ನಾಲ್ಕು ಚಿಕ್ಕ ವಾಕ್ಯದಲ್ಲಿ ಉತ್ತರ ಹೇಳಿ ರೂಢಿ ಮಾಡಿ.

ಉಚ್ಚಾರ

ಮೇಲಿನವರ ಮಾತಿಗೆ ಸೇರಿಸುವುದಿದೆ. "ಮಾತೃಭಾಷೆಯ ಪ್ರಭಾವ" ಅಂತ ಹೆದರಿಸಿ ದುಡ್ಡು ಕೀಳುವ ಕೋರ್ಸುಗಳು ಬಹಳ. ಕನ್ನಡಿಗರ ಇಂಗ್ಲಿಷಿನಲ್ಲಿ ಕೆಲವು ಗುಣಗಳು ಎದ್ದು ಕಾಣುತ್ತವೆ: ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿ "ಬಸ್ಸು", "ರೋಡು" ಆಗುವುದು, ಎಕಾರದ ಮುಂದೆ ಯಕಾರ ನುಸುಳಿ "ಯೆಗ್", "ಯೆಂಟ್ರಿ" ಆಗುವುದು, ಇಂಗ್ಲಿಷಿನ ಎರಡು ಬಗೆಯ ವಕಾರ (ವಿ, ಡಬ್ಲ್ಯು) ಒಂದೇ ಆಗುವುದು. ಇವುಗಳಿಂದ ಎದುರಿನವರಿಗೆ ಅರ್ಥ ಕೆಡುವುದು ತೀರಾ ಕಡಿಮೆ. ಅದಕ್ಕೆ ತಿಂಗಳುಗಟ್ಟಲೆ ಹಾಕುವುದು ದಂಡ.

ಅರ್ಥ ಕೆಡುವುದು ಎರಡು ಕಡೆ. ಒಂದು, ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ಒತ್ತು; ಇಂಗ್ಲಿಷಿನಲ್ಲಿ ಉದ್ದ ಪದದ ಒಂದು ಭಾಗ ಮಾತ್ರ ಮೇಲೇಳುತ್ತದೆ. "ಡೆವಲಪ್‌ಮೆಂಟ್" ಅನ್ನುವಾಗ "ವೆ" ಮೇಲೆ ಒತ್ತು ಬೀಳದಿದ್ದರೆ ಹೊರದೇಶದವರಿಗೆ ಪದವೇ ಗುರುತು ಸಿಗುವುದಿಲ್ಲ. ಎರಡನೆಯದು ವೇಗ. ಹೆದರಿಕೆಯಲ್ಲಿ ಎಲ್ಲರೂ ಓಡುತ್ತಾರೆ.

ಅಭ್ಯಾಸ ಹೀಗೆ: ತಮ್ಮ ವಿಷಯದ ಒಂದು ಪುಟ ತೆಗೆದುಕೊಂಡು ಗಟ್ಟಿಯಾಗಿ ಓದಿ ಮೊಬೈಲಲ್ಲಿ ರೆಕಾರ್ಡ್ ಮಾಡಬೇಕು. ಅದೇ ಪುಟವನ್ನು ಮುಚ್ಚಿಟ್ಟು ಸ್ವಂತ ಮಾತಲ್ಲಿ ಒಂದು ನಿಮಿಷ ಹೇಳಿ ಅದನ್ನೂ ರೆಕಾರ್ಡ್ ಮಾಡಬೇಕು. ಎರಡನ್ನೂ ಕೇಳಿ ತಡವರಿಸಿದ ಪದಗಳನ್ನಷ್ಟೇ ಗುರುತು ಹಾಕಿಕೊಂಡು ಮತ್ತೆ ಹೇಳಬೇಕು. ದಿನಕ್ಕೆ 20 ನಿಮಿಷ ಸಾಕು, ಆದರೆ ವಾರಕ್ಕೆ ಒಂದೇ ದಿನ ಎರಡು ಗಂಟೆ ಕೂತರೆ ನಾಲಿಗೆಗೆ ರೂಢಿಯಾಗುವುದಿಲ್ಲ. ವ್ಯಾಕರಣದಲ್ಲಿ ಮೊದಲು ತಿದ್ದಬೇಕಾದ್ದು "ಗೊತ್ತು", "ಇದೆ", "ಬೇಕು" ಎಂಬಂಥ ಸ್ಥಿತಿ ಹೇಳುವ ಕ್ರಿಯಾಪದಗಳಿಗೆ "ಇಂಗ್" ಹಚ್ಚುವ ಚಾಳಿ. ಬರಹದಲ್ಲಿ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಹುಬ್ಬಳ್ಳಿ ಮಂದಿ

ಎಲ್ಲಾರೂ ಹುಡುಗ್ರಿಗೇ ಬುದ್ಧಿ ಹೇಳಾಕತ್ತೀರಿ. ಪರೀಕ್ಷಾ ನಡಸೋರಿಗೆ ಯಾರು ಹೇಳ್ತಾರ್ರಿ? 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಕ್ಕ ಕೆಪಿಎಸ್‌ಸಿ (ರಾಜ್ಯದ ಲೋಕಸೇವಾ ಆಯೋಗ) 2024ರ ಆಗಸ್ಟ್ 27ಕ್ಕ ಪ್ರಿಲಿಮ್ಸ್ ಮಾಡ್ತು. ಕನ್ನಡ ಅನುವಾದ ಎಷ್ಟು ಕೆಟ್ಟಿತ್ತಂದ್ರ ಸರ್ಕಾರನ ಮರುಪರೀಕ್ಷಾಕ್ಕ ಆದೇಶ ಕೊಡಬೇಕಾತು. ಡಿಸೆಂಬರ್ 29ಕ್ಕ ಮತ್ತ ಬರದ್ರು, ಮತ್ತ ಅದ ದೂರು. ಕನ್ನಡದ ರಾಜ್ಯದಾಗ, ಕನ್ನಡದ ಹುದ್ದೆಕ್ಕ, ಕನ್ನಡದಾಗ ಬರಿಯೋ ಹುಡುಗಗ ಪ್ರಶ್ನೆ ತಿಳಿಬೇಕಂದ್ರ ಇಂಗ್ಲಿಷ್ ಓದಬೇಕು. ನೀಟ್‌ನಾಗೂ ಅಷ್ಟ: ಕನ್ನಡದಾಗ ಪತ್ರಿಕೆ ಕೊಡ್ತಾರ, ಅನುವಾದದಾಗ ಗೊಂದಲ ಇದ್ರ ಇಂಗ್ಲಿಷ್ ಪಾಠನ ಅಂತಿಮ.

ಯಾಕ ಕೆಡತದ ಅಂದ್ರ, ಪ್ರಶ್ನೆ ಹುಟ್ಟೋದು ಇಂಗ್ಲಿಷಿನಾಗ. ಇಂಗ್ಲಿಷ್ ವಾಕ್ಯದಾಗ "ಅಲ್ಲ" ಅನ್ನೋದು ಮುಂದ ಇರ್ತದ, ಕನ್ನಡದಾಗ ಅದು ಕಡೀಕ ಬರಬೇಕು. ಎರಡು ಮೂರು ಉಪವಾಕ್ಯ ಇದ್ದ ಪ್ರಶ್ನೆನ ಪದಕ್ಕ ಪದ ಇಟ್ಟು ತಿರುವಿದ್ರ ಆ "ಅಲ್ಲ" ಯಾವುದಕ್ಕ ಹತ್ತೇತಿ ತಿಳಿಯಂಗಿಲ್ಲ. ಉತ್ತರನ ಉಲ್ಟಾ ಆಗಿಬಿಡತದ. ಮಾಡಬೇಕಾದ್ದು ಕಠಿಣ ಏನಿಲ್ರಿ. ಅರ್ಧ ಪ್ರಶ್ನೆ ಕನ್ನಡದಾಗ ಹುಟ್ಟಲಿ, ಅವನ್ನ ಇಂಗ್ಲಿಷಿಗೆ ತಿರುವಲಿ. ಅನುವಾದ ಮಾಡಿದವ್ರು ಬಿಟ್ಟು ಇನ್ನೊಬ್ಬ ವಿಷಯ ತಜ್ಞರು, ಇಂಗ್ಲಿಷ್ ಪ್ರತಿ ನೋಡದಂಗ, ಕನ್ನಡ ಪ್ರಶ್ನೆ ಒಂದನ್ನ ಓದಿ ಉತ್ತರ ಬಿಡಸಲಿ. ಅವರ ಉತ್ತರ ಕೀ ಉತ್ತರಕ್ಕ ಕೂಡಲಿಲ್ಲಂದ್ರ ಆ ಪ್ರಶ್ನೆ ತಗದ ಒಗೀರಿ.

ಔಟರ್ ರಿಂಗ್ ರೋಡ್

ಹುಬ್ಬಳ್ಳಿಯವರೇ, ಇದನ್ನು ಪೂರ್ತಿ ಒಪ್ತೀನಿ. ಇಂಗ್ಲಿಷ್ ನೋಡದೆ ಕನ್ನಡದ ಪ್ರಶ್ನೆ ಬಿಡಿಸೋದು ಸಾಫ್ಟ್‌ವೇರ್ ಪರೀಕ್ಷೆಯಲ್ಲಿ ದಿನವೂ ನಡೆಯೋ ಕ್ರಮ. ಬರೆದವರೇ ತಪಾಸಣೆ ಮಾಡಬಾರದು.

ಟೊರಾಂಟೊ ಕನ್ನಡತಿ

ಮೇಷ್ಟ್ರು ಕೇಳಿದ "ಯಾವ ಹುದ್ದೆಗೆ ಎಷ್ಟು" ಅನ್ನುವುದನ್ನು ಒಂದು ಸರ್ಕಾರ ಕಾಗದದ ಮೇಲೆ ಬರೆದಿಟ್ಟ ಉದಾಹರಣೆ ಇದೆ. ಕೆನಡಾದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆಯಿಂದ ಇಂಗ್ಲಿಷ್, ಫ್ರೆಂಚ್ ಎರಡೂ ಸಮ. ಕೇಂದ್ರ ಸರ್ಕಾರದ ಪ್ರತಿ ಹುದ್ದೆಗೂ ಮೊದಲೇ ನಿಗದಿ ಮಾಡುತ್ತಾರೆ: ಇಂಗ್ಲಿಷ್ ಕಡ್ಡಾಯ, ಫ್ರೆಂಚ್ ಕಡ್ಡಾಯ, ಎರಡರಲ್ಲಿ ಯಾವುದಾದರೂ ಸರಿ, ಅಥವಾ ಎರಡೂ ಬೇಕು. ಎರಡೂ ಬೇಕಾದ ಹುದ್ದೆಗೆ ಎರಡನೇ ಭಾಷೆಯಲ್ಲಿ ಓದು, ಬರಹ, ಮಾತು ಮೂರಕ್ಕೂ ಬೇರೆ ಬೇರೆ ಮಟ್ಟ ಹಾಕುತ್ತಾರೆ. ಎ, ಬಿ, ಸಿ ಅಂತ ಮೂರು ಮಟ್ಟ. "ಸಿ-ಬಿ-ಸಿ" ಅಂದರೆ ಓದು ಉನ್ನತ ಮಟ್ಟ, ಬರಹ ಮಧ್ಯಮ, ಮಾತು ಉನ್ನತ. ಕಡತ ಓದುವ ಹುದ್ದೆಯವರಿಂದ ಭಾಷಣ ಮಾಡುವ ಮಟ್ಟದ ಮಾತನ್ನು ಯಾರೂ ಕೇಳುವುದಿಲ್ಲ.

ಅಲ್ಲೂ ಜಗಳ ಇದೆ. ಫ್ರೆಂಚ್ ಬಾರದವರಿಗೆ ಮೇಲಿನ ಹುದ್ದೆ ಸಿಗುವುದು ಕಷ್ಟ, ವಲಸೆ ಬಂದವರಿಗೆ ಅದು ಮೂರನೇ ನಾಲ್ಕನೇ ಭಾಷೆ. ಆದರೆ ಜಗಳ ನಡೆಯುವುದು ಮಟ್ಟದ ಮೇಲೆ, ಸಂದರ್ಶಕರ ಅನಿಸಿಕೆಯ ಮೇಲಲ್ಲ. ನಮ್ಮ ಕಂಪನಿಗಳ ಜಾಹೀರಾತಿನಲ್ಲಿ "ಅತ್ಯುತ್ತಮ ಸಂವಹನ ಕೌಶಲ" ಅಂತ ಒಂದು ಸಾಲು ಇರುತ್ತದೆ. ಅದಕ್ಕೆ ಅಳತೆ ಇಲ್ಲದ್ದರಿಂದ ಅಭ್ಯರ್ಥಿ ಅದನ್ನು ಪ್ರಶ್ನಿಸಲೂ ಆಗುವುದಿಲ್ಲ.

ಚಾವಡಿ

ಒಂದು ಮಾತು ಯಾರೂ ಆಡಿಲ್ಲ. ದಲಿತ, ಹಿಂದುಳಿದ ಮನೆಗಳಿಗೆ ಇಂಗ್ಲಿಷ್ ಬರೀ ಕೆಲಸದ ಭಾಷೆಯಲ್ಲ. ಊರಿನ ಜಾತಿ ಲೆಕ್ಕದಿಂದ ಹೊರಗೆ ನಿಲ್ಲುವ ದಾರಿ ಅಂತ ಅದನ್ನು ಬೇಡಿ ಕೇಳಿದ್ದಾರೆ. "ಕನ್ನಡ ಸಾಕು" ಅಂತ ಸಾರುವವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿರುವಾಗ ಭಾಷೆ ಉಳಿಸುವ ಹೊರೆಯನ್ನು ಬಡವರ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಲಿಯುವ ಹಕ್ಕು ಎಲ್ಲರಿಗೂ ಬೇಕು. ಇಂಗ್ಲಿಷ್ ಬರುವುದಿಲ್ಲ ಅನ್ನುವ ಕಾರಣಕ್ಕೆ ತಳ್ಳುವುದು ನಿಲ್ಲಬೇಕು. ಇವೆರಡನ್ನೂ ಒಟ್ಟಿಗೇ ಕೇಳಬೇಕು.

ಇನ್ನು ಬಹುಭಾಷೆ ಅಂದಾಗ ಕನ್ನಡ-ಇಂಗ್ಲಿಷ್ ಎರಡೇ ನೆನಪಾಗುತ್ತವೆ. ತುಳು, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕೈಗೆ ಬಂದ ಭಾಷೆ. ಅವರು ಕನ್ನಡ ಕಲಿತದ್ದು ಸುತ್ತಲೂ ಅದು ಕಿವಿಗೆ ಬೀಳುತ್ತಿತ್ತು ಅನ್ನುವ ಕಾರಣಕ್ಕೆ. ಇಂಗ್ಲಿಷ್ ಹಳ್ಳಿಯಲ್ಲಿ ಕಿವಿಗೆ ಬೀಳುವುದಿಲ್ಲ, ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಮಲೆನಾಡ ಮೇಷ್ಟ್ರು

ಚಾವಡಿಯವರ ಕೊನೆಯ ಮಾತಿಗೆ ನೇರ ಸಂಬಂಧಪಟ್ಟದ್ದು ಶಾಲಾ ಮಾಧ್ಯಮ. 1994ರ ರಾಜ್ಯ ಸರ್ಕಾರದ ಆದೇಶ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡ ಅಂತು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. ಈ ನಡುವೆ 2007ರಿಂದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆದರು.

ಮಾಧ್ಯಮ ಬದಲಾದ ಮಾತ್ರಕ್ಕೆ ಇಂಗ್ಲಿಷ್ ಬರುವುದಿಲ್ಲ ಅನ್ನುವುದನ್ನು ಹೆತ್ತವರಿಗೆ ಒತ್ತಿ ಹೇಳಬೇಕು. ಇಂಗ್ಲಿಷ್ ಮಾಧ್ಯಮದ ಎಷ್ಟೋ ಕೊಠಡಿಗಳಲ್ಲಿ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಪ್ರಶ್ನೋತ್ತರವನ್ನು ಇಂಗ್ಲಿಷಿನಲ್ಲಿ ಹಲಗೆ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸುತ್ತಾರೆ. ಮಗುವಿಗೆ ವಿಜ್ಞಾನವೂ ಅರ್ಧ, ಭಾಷೆಯೂ ಅರ್ಧ. ಐದನೇ ತರಗತಿಯ ಮಗು ತನ್ನ ಪಠ್ಯವಲ್ಲದ, ಮೊದಲ ಬಾರಿ ನೋಡಿದ ನಾಲ್ಕು ಇಂಗ್ಲಿಷ್ ಸಾಲು ಓದಿ ಅರ್ಥ ಹೇಳುತ್ತದಾ ನೋಡಿ. ಅದು ಆಗದಿದ್ದರೆ ಮಾಧ್ಯಮ ಯಾವುದಾದರೂ ಕಲಿಕೆ ಆಗಿಲ್ಲ ಅಂತಲೇ.

ವಕಾಲತ್ತು

ಮಾತು, ಓದು ಅಂತ ಬೇರ್ಪಡಿಸುವಾಗ ನ್ಯಾಯಾಲಯವನ್ನು ಮರೆಯಬೇಡಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿಕೆ, ಪಾಟೀಸವಾಲು ಕನ್ನಡದಲ್ಲಿ ನಡೆಯುತ್ತವೆ. ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿಯಂತೆ ಭಾಷೆ ಇಂಗ್ಲಿಷ್. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯಪಾಲರು ಬೇರೆ ಭಾಷೆಗೂ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿಗಾಗಿ ಅದು ಸಿಕ್ಕಿದೆ, ಕನ್ನಡಕ್ಕೆ ಸಿಕ್ಕಿಲ್ಲ. ಹಾಗಾಗಿ ಕನ್ನಡದಲ್ಲಿ ಚೆನ್ನಾಗಿ ಪಾಟೀಸವಾಲು ಮಾಡುವ ಯುವ ವಕೀಲರು ಜಿಲ್ಲೆಯಲ್ಲೇ ಉಳಿಯುತ್ತಾರೆ. ಇಲ್ಲಿ ಇಂಗ್ಲಿಷ್ ನಿಜಕ್ಕೂ ಕೆಲಸದ ಭಾಗ, ನೆಪ ಅಲ್ಲ. ಕಾನೂನು ವಿದ್ಯಾರ್ಥಿಗಳು ಮಾತಿಗಿಂತ ಮೊದಲು ಕರಡು ಬರೆಯುವುದನ್ನು ಕಲಿಯಬೇಕು. ಕಕ್ಷಿದಾರರ ಕನ್ನಡದ ಕಥೆಯಿಂದ ದಿನಾಂಕ, ಸ್ಥಳ, ಕೃತ್ಯ ಬಿಡಿಸಿ ಒಂದು ಪ್ಯಾರಾಕ್ಕೆ ಒಂದೇ ಸಂಗತಿಯಂತೆ ಇಂಗ್ಲಿಷಿನಲ್ಲಿ ಬರೆಯಲು ಬಂದರೆ ಮುಕ್ಕಾಲು ದಾರಿ ಸಾಗಿದಂತೆ.

ವರದಾ

ಎಲ್ಲ ಓದಿದೆ. ಬಿ.ಕಾಂ ಕೊನೇ ವರ್ಷ, ಕನ್ನಡ ಮಾಧ್ಯಮ, ಗ್ರಾಮೀಣ ಬ್ಯಾಂಕ್ ಮತ್ತು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಎರಡಕ್ಕೂ ಓದ್ತಿರೋರು ಇಂಗ್ಲಿಷಿಗೆ ದಿನಕ್ಕೆ ಎಷ್ಟು ಹೊತ್ತು ಕೊಡಬೇಕು? ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಬೇಕಾ?

ಜಮಾ ಖರ್ಚು

ಸೇರೋದು ಬೇಡಮ್ಮ, ಈಗಲೇ ಬೇಡ. ಎಫ್‌ಡಿಎಯಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಯಾವುದಾದರೂ ಒಂದು ಪತ್ರಿಕೆ ಆರಿಸಬಹುದು, ನಿಮಗೆ ಕನ್ನಡವೇ ಅಂಕ ತರೋದು. ಗ್ರಾಮೀಣ ಬ್ಯಾಂಕಿನ ಪ್ರಿಲಿಮ್ಸ್‌ಗೆ ಇಂಗ್ಲಿಷ್ ಬೇಡ. ಉಳಿಯೋದು ಮೇನ್ಸ್‌ನ 40 ಅಂಕ. ಅದಕ್ಕೆ ದಿನಕ್ಕೆ 45 ನಿಮಿಷ ಸಾಕು: 25 ನಿಮಿಷ ಒಂದು ಗದ್ಯಭಾಗ ಓದಿ ಪ್ರಶ್ನೆ ಬಿಡಿಸಿ, 20 ನಿಮಿಷ ವಾಕ್ಯದ ತಪ್ಪು ಹುಡುಕೋದು. ತಪ್ಪುಗಳಲ್ಲಿ ಕರ್ತೃ-ಕ್ರಿಯಾಪದ ಹೊಂದಾಣಿಕೆ, ಪ್ರಿಪೊಸಿಷನ್, ಆರ್ಟಿಕಲ್ ಈ ಮೂರನ್ನು ಮೊದಲು ಮುಗಿಸಿ. ಗೊತ್ತಿಲ್ಲದ್ದಕ್ಕೆ ಊಹೆ ಹಾಕಬೇಡಿ, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತೆ.

ಅರ್ಜಿ ತುಂಬುವಾಗ ಪರೀಕ್ಷಾ ಮಾಧ್ಯಮದ ಕಾಲಂನಲ್ಲಿ ಕನ್ನಡ ಆರಿಸಿದ್ದೀರಾ ಅಂತ ಸಬ್ಮಿಟ್ ಒತ್ತೋಕೆ ಮುಂಚೆ ಇನ್ನೊಮ್ಮೆ ನೋಡಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸೈಬರ್ ಸೆಂಟರಿನವರು ಅವಸರದಲ್ಲಿ ಇಂಗ್ಲಿಷ್ ಒತ್ತಿಬಿಟ್ಟರೆ ಆಮೇಲೆ ತಿದ್ದಿಸೋಕೆ ಪರದಾಡಬೇಕಾಗುತ್ತೆ.